ಪ್ಯಾಲಡಿನ್‌ಗೆ ಸಾರ್ಸರರ್ ಬೆರೆಸುವುದು: 1ರಿಂದ 12ನೇ ಲೆವೆಲ್‌ವರೆಗಿನ ಕಟ್ಟುವಿಕೆಯ ದಾಖಲೆ

ಕೆಲಸ ಇಷ್ಟು. ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿಯಲ್ಲಿ, 2014ರ ನಿಯಮದಂತೆ, ಪ್ಯಾಲಡಿನ್ (ದೈವಬಲದ ಯೋಧ) ಮತ್ತು ಸಾರ್ಸರರ್ (ಹುಟ್ಟು ಮಂತ್ರಗಾರ) ಎಂಬ ಎರಡು ಕ್ಲಾಸ್‌ಗಳನ್ನು, ಅಂದರೆ ವೃತ್ತಿಗಳನ್ನು, ಸೇರಿಸಿದ ಒಂದು ಪಾತ್ರ ಕಟ್ಟಬೇಕು. ಷರತ್ತು ಒಂದೇ: ಮೊದಲ ಲೆವೆಲ್‌ನಿಂದ ಹನ್ನೆರಡರವರೆಗೆ ಯಾವ ಹಂತದಲ್ಲೂ ಆ ಪಾತ್ರ ತಂಡಕ್ಕೆ ಹೊರೆಯಾಗಬಾರದು. 20ನೇ ಲೆವೆಲ್‌ನಲ್ಲಿ ಕಾಗದದ ಮೇಲೆ ಬೆರಗು ಹುಟ್ಟಿಸುವ ಜೋಡಣೆಗಳು ಬೇಕಾದಷ್ಟಿವೆ. ಆದರೆ ಆಟಗಾರ ಕೂತು ಆಡುವುದು ನಡುವಿನ ಲೆವೆಲ್‌ಗಳನ್ನು. ಜೋಡಣೆ ಕೆಡುವುದೂ ಅಲ್ಲಿಯೇ.

ಬೇಕಾದ ಸಾಮಾನು: ಪ್ಲೇಯರ್ಸ್ ಹ್ಯಾಂಡ್‌ಬುಕ್‌ನ ಆರನೇ ಅಧ್ಯಾಯ, ಎರಡು ಖಾಲಿ ಹಾಳೆ, ಪೆನ್ಸಿಲ್, ರಬ್ಬರ್. ಜೊತೆಗೆ ಆಟ ನಡೆಸುವ ಡಿಎಂ (ಡಂಜನ್ ಮಾಸ್ಟರ್) ಒಪ್ಪಿಗೆ. 2014ರ ಪುಸ್ತಕದಲ್ಲಿ ಮಲ್ಟಿಕ್ಲಾಸ್ (ಕ್ಲಾಸ್ ಬೆರೆಸುವುದು) ಮತ್ತು ಫೀಟ್ (ಅಂಕ ಏರಿಸುವ ಬದಲು ಪಡೆಯುವ ವಿಶೇಷ ಸಾಮರ್ಥ್ಯ) ಎರಡೂ ಐಚ್ಛಿಕ ನಿಯಮಗಳು. ಒಪ್ಪಿಗೆಯನ್ನು ಪಾತ್ರ ಹುಟ್ಟುವ ಮೊದಲೇ ಕೇಳಿ; ಏಳನೇ ಲೆವೆಲ್‌ಗೆ ಬಂದಮೇಲೆ ಕೇಳಿದರೆ ಇಡೀ ಯೋಜನೆ ನಿಂತುಹೋಗಬಹುದು.

ಹಂತ 1: ಎರಡು ಖಾತೆ

ಮೊದಲ ಹಾಳೆಯ ನಡುವೆ ಒಂದು ಗೆರೆ ಎಳೆಯಿರಿ. ಎಡಕ್ಕೆ ಒಟ್ಟು ಲೆವೆಲ್ ನೋಡಿ ಬೆಳೆಯುವವು: ಪ್ರೊಫಿಷಿಯೆನ್ಸಿ ಬೋನಸ್ (ಪಳಗಿದ ಕೆಲಸಕ್ಕೆ ಸೇರುವ ಅಂಕ), ಕ್ಯಾಂಟ್ರಿಪ್‌ಗಳ (ಎಷ್ಟು ಸಲವಾದರೂ ಹಾಕಬಹುದಾದ ಪುಟ್ಟ ಮಂತ್ರಗಳ) ಡ್ಯಾಮೇಜ್, ಮುಂದಿನ ಲೆವೆಲ್‌ಗೆ ಬೇಕಾದ ಎಕ್ಸ್‌ಪಿ (ಅನುಭವದ ಅಂಕ). ಬಲಕ್ಕೆ ಆಯಾ ಕ್ಲಾಸ್‌ನ ಲೆವೆಲ್ ನೋಡಿ ಬರುವವು: ಅಂಕ ಏರಿಸುವ ಅವಕಾಶ ಅಥವಾ ಫೀಟ್, ಎಕ್ಸ್‌ಟ್ರಾ ಅಟ್ಯಾಕ್ (ಒಂದೇ ಸರದಿಯಲ್ಲಿ ಎರಡನೇ ಹೊಡೆತ), ಆರಾ (ಸುತ್ತಲಿನವರನ್ನು ಕಾಯುವ ಪ್ರಭೆ), ಸಾರ್ಸರಿ ಪಾಯಿಂಟ್ (ಮಂತ್ರ ಮಾರ್ಪಡಿಸಲು ಖರ್ಚು ಮಾಡುವ ಅಂಕ), ಲೇ ಆನ್ ಹ್ಯಾಂಡ್ಸ್ (ಮುಟ್ಟಿ ಗುಣಪಡಿಸುವ ಶಕ್ತಿ), ಕಲಿಯಬಹುದಾದ ಸ್ಪೆಲ್‌ಗಳ (ಮಂತ್ರಗಳ) ಮಟ್ಟ.

ಸ್ಪೆಲ್ ಸ್ಲಾಟ್ (ಮಂತ್ರ ಹಾಕಲು ಖರ್ಚಾಗುವ ಅವಕಾಶ) ಮಾತ್ರ ಎರಡರ ಮಿಶ್ರಣ. ಪ್ಯಾಲಡಿನ್ ಲೆವೆಲ್‌ನ ಅರ್ಧ (ಭಿನ್ನ ಬಂದರೆ ಕೆಳಗಿನ ಪೂರ್ಣಸಂಖ್ಯೆ) ಕೂಡಿಸು ಸಾರ್ಸರರ್ ಲೆವೆಲ್. ಆ ಮೊತ್ತವನ್ನು ಮಲ್ಟಿಕ್ಲಾಸ್ ಪಟ್ಟಿಯಲ್ಲಿ ನೋಡಬೇಕು. ಪ್ಯಾಲಡಿನ್ 6, ಸಾರ್ಸರರ್ 3 ಎಂದರೆ 3 + 3 = 6. ಸಿಗುವುದು ಮೊದಲ ಮಟ್ಟದ 4, ಎರಡನೆಯದರ 3, ಮೂರನೆಯದರ 3 ಸ್ಲಾಟ್.

ಹೆಚ್ಚು ಜನ ಎಡವುವುದು ಇಲ್ಲಿ. ಮೂರನೇ ಮಟ್ಟದ ಸ್ಲಾಟ್ ಕೈಗೆ ಬಂತೆಂದು ಮೂರನೇ ಮಟ್ಟದ ಸ್ಪೆಲ್ ಬರೆದುಕೊಳ್ಳುತ್ತಾರೆ. ಸ್ಪೆಲ್ ಆಯ್ಕೆ ಬಲಗಡೆಯ ಖಾತೆಯದು. ಪ್ಯಾಲಡಿನ್ 6ಕ್ಕೆ ಎರಡನೇ ಮಟ್ಟದವರೆಗೆ, ಸಾರ್ಸರರ್ 3ಕ್ಕೂ ಎರಡನೇ ಮಟ್ಟದವರೆಗೆ, ಅಷ್ಟೇ. ಮೂರನೇ ಮಟ್ಟದ ಸ್ಲಾಟ್‌ಗಳಲ್ಲಿ ಕೆಳಗಿನ ಸ್ಪೆಲ್‌ಗಳನ್ನು ಏರಿಸಿ ಹಾಕಬಹುದು, ಇಲ್ಲವೇ ತಗಲಿದ ಹೊಡೆತಕ್ಕೆ ಹೆಚ್ಚುವರಿ ಡ್ಯಾಮೇಜ್ ಸೇರಿಸುವ ಡಿವೈನ್ ಸ್ಮೈಟ್‌ಗೆ ಸುರಿಯಬಹುದು. ಈ ಜೋಡಣೆಯ ಜೀವ ಇರುವುದೇ ಆ ಸ್ಮೈಟ್‌ನಲ್ಲಿ. ಸ್ಲಾಟ್ ಯಾವ ಕ್ಲಾಸ್‌ನಿಂದ ಬಂತೆಂದು ಸ್ಮೈಟ್ ಕೇಳುವುದಿಲ್ಲ: ಮೊದಲ ಮಟ್ಟಕ್ಕೆ 2ಡಿ8 (ಎಂಟು ಮುಖದ ಎರಡು ದಾಳ), ಮೇಲಿನ ಪ್ರತಿ ಮಟ್ಟಕ್ಕೆ ಇನ್ನೊಂದು ಡಿ8, ಗರಿಷ್ಠ 5ಡಿ8.

ಹಂತ 2: ಅಂಕ ಹಂಚಿಕೆ

ಪಾಯಿಂಟ್ ಬೈ (ಪಾಯಿಂಟ್ ಕೊಟ್ಟು ಗುಣಗಳ ಅಂಕ ಕೊಳ್ಳುವ ಪದ್ಧತಿ), 27 ಪಾಯಿಂಟ್. ಪಾತ್ರದ ಕುಲ ಹಾಫ್-ಎಲ್ಫ್: ಕರಿಸ್ಮಾಗೆ +2, ಬೇರೆ ಎರಡಕ್ಕೆ +1.

ಸ್ಟ್ರೆಂತ್ 15 (9 ಪಾಯಿಂಟ್), ಡೆಕ್ಸ್‌ಟೆರಿಟಿ 10 (2), ಕಾನ್‌ಸ್ಟಿಟ್ಯೂಷನ್ 13 (5), ಇಂಟೆಲಿಜೆನ್ಸ್ 8 (0), ವಿಸ್ಡಮ್ 12 (4), ಕರಿಸ್ಮಾ 14 (7). ಒಟ್ಟು 27. ಬೋನಸ್ ಸೇರಿದ ಮೇಲೆ ಸ್ಟ್ರೆಂತ್ 16, ಕಾನ್‌ಸ್ಟಿಟ್ಯೂಷನ್ 14, ಕರಿಸ್ಮಾ 16.

ಪ್ಯಾಲಡಿನ್ ಬಿಟ್ಟು ಹೊರಗೆ ಕಾಲಿಡಲು ಸ್ಟ್ರೆಂತ್ 13 ಮತ್ತು ಕರಿಸ್ಮಾ 13 ಎರಡೂ ಬೇಕು. ಸಾರ್ಸರರ್‌ಗೆ ಕರಿಸ್ಮಾ 13. ಹೊಸ ಕ್ಲಾಸ್‌ನ ಅರ್ಹತೆಯ ಜೊತೆಗೆ ಈಗಿರುವ ಕ್ಲಾಸ್‌ನದ್ದೂ ಇರಬೇಕೆಂಬುದು ನಿಯಮ. ಡೆಕ್ಸ್‌ಟೆರಿಟಿ ನೆಚ್ಚಿ ಸ್ಟ್ರೆಂತ್ 10 ಇಟ್ಟ ಪ್ಯಾಲಡಿನ್‌ಗೆ ಬೇರೆ ಕ್ಲಾಸ್‌ನ ಬಾಗಿಲು ತೆರೆಯುವುದಿಲ್ಲ.

ಹಂತ 3: ಕೈಬಿಟ್ಟ ಮೊದಲ ಕರಡು, ಪ್ಯಾಲಡಿನ್ 2

ಸ್ಮೈಟ್ ಸಿಗುವುದು ಪ್ಯಾಲಡಿನ್ 2ರಲ್ಲಿ. ಹಾಗಾಗಿ ಎರಡೇ ಲೆವೆಲ್ ತೆಗೆದುಕೊಂಡು ಉಳಿದದ್ದೆಲ್ಲ ಸಾರ್ಸರರ್ ಎನ್ನುವ ಆಸೆ ಸಹಜ. ಐದನೇ ಲೆವೆಲ್‌ನಲ್ಲಿ ಅಳೆದು ನೋಡಿದರೆ ಗುಟ್ಟು ಬಯಲಾಗುತ್ತದೆ.

ಎದುರಾಳಿಯ ಎಸಿ (ಹೊಡೆತ ತಗಲಲು ಮುಟ್ಟಬೇಕಾದ ಅಂಕ) 15 ಎಂದಿಟ್ಟುಕೊಳ್ಳಿ. ಆಯುಧ ಲಾಂಗ್‌ಸ್ವೋರ್ಡ್, ಫೈಟಿಂಗ್ ಸ್ಟೈಲ್ ಡ್ಯೂಯೆಲಿಂಗ್ (ಡ್ಯಾಮೇಜ್‌ಗೆ +2). ಪ್ಯಾಲಡಿನ್ 2, ಸಾರ್ಸರರ್ 3: ಯಾವ ಕ್ಲಾಸೂ ನಾಲ್ಕು ಮುಟ್ಟಿಲ್ಲ, ಆದ್ದರಿಂದ ಅಂಕ ಏರಿಲ್ಲ. ದಾಳಿ +6 (ಇಪ್ಪತ್ತು ಮುಖದ ದಾಳಕ್ಕೆ, ಅಂದರೆ ಡಿ20ಗೆ, ಸೇರುವುದು), ತಗಲುವ ಸಾಧ್ಯತೆ 60%, ಹೊಡೆತ ಒಂದೇ. ಸರಾಸರಿ 9.5ರ ಲೆಕ್ಕದಲ್ಲಿ ರೌಂಡಿಗೆ 5.7. ಎಚ್‌ಪಿ (ತಾಳಬಲ್ಲ ಏಟಿನ ಅಂಕ) 38. ಅದೇ ಲೆವೆಲ್‌ನ ಶುದ್ಧ ಪ್ಯಾಲಡಿನ್‌ಗೆ ಸ್ಟ್ರೆಂತ್ 18, ದಾಳಿ +7, ಎರಡು ಹೊಡೆತ, ರೌಂಡಿಗೆ 13.65, ಎಚ್‌ಪಿ 44. (ಡ್ಯಾಮೇಜ್ ದಾಳಗಳು ಇಮ್ಮಡಿಯಾಗುವ ಕ್ರಿಟಿಕಲ್ ಹೊಡೆತ ಬಿಟ್ಟು ಲೆಕ್ಕ ಹಾಕಿದೆ.)

ಸ್ಲಾಟ್‌ನಲ್ಲಿ ಮೊದಲನೆಯದು ಮುಂದಿದೆ ನಿಜ, 4/2ರ ಎದುರು 4/3 (ಮೊದಲ ಮಟ್ಟದವು/ಎರಡನೆಯವು). ಒಂದು ಹೆಚ್ಚುವರಿ ಸ್ಲಾಟ್‌ಗಾಗಿ ಅರ್ಧಕ್ಕಿಂತ ಹೆಚ್ಚು ಹೊಡೆತ ಬಿಟ್ಟುಕೊಡುವುದು ಹಿಂದೆ ನಿಂತು ಮಂತ್ರ ಹಾಕುವವನಿಗೆ ಸರಿಹೋದೀತು, ಮುಂದೆ ನಿಲ್ಲುವವನಿಗಲ್ಲ. ಕರಡು ರದ್ದು. ಎಕ್ಸ್‌ಟ್ರಾ ಅಟ್ಯಾಕ್ ಬರುವ ಪ್ಯಾಲಡಿನ್ 5ರವರೆಗೆ ಕದಲಬಾರದು.

ಐದರಲ್ಲೇ ಏಕೆ ನಿಲ್ಲಬಾರದು? ಎರಡು ಕಾರಣ. ಆರರಲ್ಲಿ ಆರಾ ಆಫ್ ಪ್ರೊಟೆಕ್ಷನ್ ಬರುತ್ತದೆ: 10 ಅಡಿಯೊಳಗಿನ ಗೆಳೆಯರೆಲ್ಲರ ಪ್ರತಿ ಸೇವ್‌ಗೂ (ಅಪಾಯದಿಂದ ಪಾರಾಗಲು ಎಸೆಯುವ ದಾಳಕ್ಕೂ) ನಿಮ್ಮ ಕರಿಸ್ಮಾ ಬೋನಸ್, ಇಲ್ಲಿ +3. ಎರಡನೆಯದು ಬರೀ ಗಣಿತ: ಐದರ ಅರ್ಧ ಎರಡು, ಆರರ ಅರ್ಧ ಮೂರು. ಬೆಸ ಸಂಖ್ಯೆಯಲ್ಲಿ ಪ್ಯಾಲಡಿನ್ ನಿಂತರೆ ಅರ್ಧ ಲೆವೆಲ್‌ನ ಸ್ಲಾಟ್ ಸುಮ್ಮನೆ ಹೋಗುತ್ತದೆ.

ಹಂತ 4: ಯಾವ ಕ್ಲಾಸ್ ಮೊದಲು

ಎರಡನೇ ಕರಡು ಸಾರ್ಸರರ್ 1ರಿಂದ ಶುರುವಾದದ್ದು. ಲಾಭ ಕಾನ್‌ಸ್ಟಿಟ್ಯೂಷನ್ ಸೇವ್. ಸೇವ್ ಪ್ರೊಫಿಷಿಯೆನ್ಸಿ ಸಿಗುವುದು ಮೊದಲ ಕ್ಲಾಸ್‌ನಿಂದ ಮಾತ್ರ, ಮತ್ತು ಏಟು ಬಿದ್ದಾಗ, ನಡೆಯುತ್ತಿರುವ ಮಂತ್ರ ಹಿಡಿದಿಡುವ ಏಕಾಗ್ರತೆ ಉಳಿಸುವುದು ಕಾನ್‌ಸ್ಟಿಟ್ಯೂಷನ್. ಒಂಬತ್ತನೇ ಲೆವೆಲ್‌ನಲ್ಲಿ 2 + 4 + ಆರಾದ 3 = +9. ಡಿಸಿ (ಮುಟ್ಟಬೇಕಾದ ಗುರಿ) 10ರ ಎದುರು ಡಿ20ಯಲ್ಲಿ 1 ಬಿದ್ದರೂ ಪಾಸು, ಏಕೆಂದರೆ ಸೇವ್‌ಗಳಲ್ಲಿ 1 ಬಿದ್ದರೆ ತಾನಾಗಿ ಸೋಲು ಎಂಬ ನಿಯಮ ಇಲ್ಲಿಲ್ಲ. ಪ್ಯಾಲಡಿನ್ ಮೊದಲಾದರೆ +5, ಐದರಲ್ಲೊಂದು ಸಲ ಸೋಲು.

ನಷ್ಟ ರಕ್ಷಾಕವಚದಲ್ಲಿ. ಎರಡನೇ ಕ್ಲಾಸ್ ಆಗಿ ಬರುವ ಪ್ಯಾಲಡಿನ್ ಲೈಟ್ ಮತ್ತು ಮೀಡಿಯಂ ಆರ್ಮರ್, ಶೀಲ್ಡ್, ಆಯುಧಗಳನ್ನು ಕೊಡುತ್ತದೆ. ಹೆವಿ ಆರ್ಮರ್ ಕೊಡುವುದಿಲ್ಲ. ಆಗ ಹಾಫ್ ಪ್ಲೇಟ್‌ಗೆ (750 ಚಿನ್ನದ ನಾಣ್ಯ, ಎಸಿ 15 + 2) ಡೆಕ್ಸ್‌ಟೆರಿಟಿ 14 ಬೇಕು. ಸ್ಟ್ರೆಂತ್ 15, ಡೆಕ್ಸ್‌ಟೆರಿಟಿ 14, ಕಾನ್‌ಸ್ಟಿಟ್ಯೂಷನ್ 13, ಕರಿಸ್ಮಾ 14 ಕೂಡಿಸಿದರೆ 28 ಪಾಯಿಂಟ್, ಇರುವುದು 27. ಸ್ಟ್ರೆಂತ್ 14ಕ್ಕೆ ಇಳಿಯುತ್ತದೆ, ಬೋನಸ್ ಸೇರಿದರೂ 15, ಅಂದರೆ +2. ಪ್ರತಿ ದಾಳಿಯಲ್ಲೂ ಒಂದು ಖೋತಾ, ವಿಸ್ಡಮ್ 9, ಎಸಿಯೂ ಪ್ಲೇಟ್‌ಗಿಂತ ಒಂದು ಕಡಿಮೆ. ಮೇಲಾಗಿ ಎಕ್ಸ್‌ಟ್ರಾ ಅಟ್ಯಾಕ್ ಆರನೇ ಲೆವೆಲ್‌ಗೆ ತಳ್ಳಲ್ಪಡುತ್ತದೆ. ಇದನ್ನೂ ಕೈಬಿಟ್ಟದ್ದಾಯಿತು. ಪ್ಯಾಲಡಿನ್ ಮೊದಲು.

ಹಂತ 5: ಕೈ ಎರಡೇ

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಇದು, ಆಟದ ಮೇಜಿನಲ್ಲಿ ಹೆಚ್ಚು ಜಗಳ ಹುಟ್ಟುವುದೂ ಇದರಿಂದಲೇ. ಮೂರನೇ ಕರಡಿನಲ್ಲಿ ಒಂದು ಕೈಯಲ್ಲಿ ಲಾಂಗ್‌ಸ್ವೋರ್ಡ್, ಇನ್ನೊಂದರಲ್ಲಿ ಶೀಲ್ಡ್. ಏಳನೇ ಲೆವೆಲ್‌ನಲ್ಲಿ ಸಾರ್ಸರರ್ ಕೊಡುವ ಅತಿ ದೊಡ್ಡ ಬಹುಮಾನ ಶೀಲ್ಡ್ ಎಂಬ ಸ್ಪೆಲ್: ರಿಯಾಕ್ಷನ್ (ಬೇರೆಯವರ ಸರದಿಯಲ್ಲೂ ಕೊಡಬಹುದಾದ ತಕ್ಷಣದ ಪ್ರತಿಕ್ರಿಯೆ), ಮುಂದಿನ ಸರದಿಯವರೆಗೆ ಎಸಿಗೆ +5. ಅದಕ್ಕೆ ಮಾತೂ ಬೇಕು, ಕೈ ಸನ್ನೆಯೂ ಬೇಕು. ಕೈಗಳೆರಡೂ ತುಂಬಿವೆ. ಸ್ಪೆಲ್ ಹಾಕಲಾಗದು.

ಶೀಲ್ಡ್ ಮೇಲೆ ಕೆತ್ತಿದ ಪವಿತ್ರ ಚಿಹ್ನೆ ಇದೆಯಲ್ಲ ಎನ್ನುವವರು ಎರಡು ವಿಷಯ ಗಮನಿಸಬೇಕು. ಆ ಚಿಹ್ನೆ ಪ್ಯಾಲಡಿನ್ ಸ್ಪೆಲ್‌ಗಳ ಫೋಕಸ್ (ವಸ್ತುವಿನ ಬದಲು ಹಿಡಿಯುವ ಸಾಧನ), ಸಾರ್ಸರರ್ ಸ್ಪೆಲ್‌ಗಳದ್ದಲ್ಲ. ಮತ್ತು ಫೋಕಸ್ ಹಿಡಿದ ಕೈಯಲ್ಲೇ ಸನ್ನೆ ಮಾಡಬಹುದೆನ್ನುವುದು ವಸ್ತು ಬೇಕಾದ ಸ್ಪೆಲ್‌ಗಳಿಗೆ ಮಾತ್ರ. ಶೀಲ್ಡ್ ಸ್ಪೆಲ್‌ಗೆ ವಸ್ತುವೇ ಇಲ್ಲ.

ಪರಿಹಾರ ಎರಡು. ನಾಲ್ಕನೇ ಲೆವೆಲ್‌ನಲ್ಲಿ, ಕೈ ತುಂಬಿದ್ದರೂ ಸನ್ನೆ ಮಾಡಗೊಡುವ ವಾರ್ ಕಾಸ್ಟರ್ ಫೀಟ್; ಆದರೆ ಆಗ ಸ್ಟ್ರೆಂತ್ ಹತ್ತನೇ ಲೆವೆಲ್‌ವರೆಗೆ 16ರಲ್ಲೇ ಉಳಿಯುತ್ತದೆ. ಇಲ್ಲವೇ ಗ್ರೇಟ್‌ಸ್ವೋರ್ಡ್. ಎರಡು ಕೈಯ ಆಯುಧಕ್ಕೆ ಎರಡೂ ಕೈ ಬೇಕಾಗುವುದು ಹೊಡೆಯುವಾಗ ಮಾತ್ರ. ಉಳಿದ ಹೊತ್ತು ಒಂದು ಕೈ ಬಿಡುವಾಗಿರುತ್ತದೆ, ಸನ್ನೆಗೂ ಸರಿ, ವಸ್ತು ತೆಗೆಯಲೂ ಸರಿ.

ಲೆಕ್ಕ ನೋಡಿ. ಸ್ಟ್ರೆಂತ್ 18, ಡ್ಯೂಯೆಲಿಂಗ್ ಸ್ಟೈಲ್‌ನ ಲಾಂಗ್‌ಸ್ವೋರ್ಡ್: 4.5 + 4 + 2 = 10.5, ಪ್ಲೇಟ್ ಮತ್ತು ಶೀಲ್ಡ್ ಸೇರಿ ಎಸಿ 20. ಡಿಫೆನ್ಸ್ ಸ್ಟೈಲ್‌ನ ಗ್ರೇಟ್‌ಸ್ವೋರ್ಡ್: 7 + 4 = 11, ಪ್ಲೇಟ್‌ನೊಡನೆ ಎಸಿ 19, ಶೀಲ್ಡ್ ಸ್ಪೆಲ್ ಹಾಕಿದಾಗ 24. ಒಂದು ಎಸಿ ಕೊಟ್ಟು ಬಿಡುವಾದ ಕೈಯನ್ನೂ ಒಂದು ಫೀಟ್‌ನ ಜಾಗವನ್ನೂ ಉಳಿಸಿಕೊಂಡಂತಾಯಿತು. ಗ್ರೇಟ್‌ಸ್ವೋರ್ಡ್ ಎಂದ ಕೂಡಲೇ ಗ್ರೇಟ್ ವೆಪನ್ ಫೈಟಿಂಗ್ ತೆಗೆದುಕೊಳ್ಳುವ ಅಭ್ಯಾಸ ಇದೆ. ಈ ಪಾತ್ರಕ್ಕೆ ಅದು ಬೇಡ, ಡಿಫೆನ್ಸ್ ಸಾಕು.

ಸ್ಪೆಲ್‌ಗೆ ಬೇಕಾಗುವ ವಸ್ತುಗಳಿಗೆ ಕಾಂಪೊನೆಂಟ್ ಪೌಚ್ ಒಂದೇ ಸಾಕು, 25 ಚಿನ್ನದ ನಾಣ್ಯ. ಎರಡೂ ಕ್ಲಾಸ್‌ಗಳಿಗೆ ನಡೆಯುತ್ತದೆ, ಬೇರೆ ಬೇರೆ ಫೋಕಸ್‌ನ ತಂಟೆ ಇಲ್ಲ.

ಹಂತ 6: ಲೆವೆಲ್ 1ರಿಂದ 6

ಇಲ್ಲಿ ಹೇಳಬೇಕಾದ್ದು ಕಡಿಮೆ. ಶುರುವಿಗೆ ಚೈನ್ ಮೇಲ್ (ಎಸಿ 16), ಹಣ ಸೇರಿದಾಗ ಸ್ಪ್ಲಿಂಟ್ (200, ಎಸಿ 17), ಆಮೇಲೆ ಪ್ಲೇಟ್ (1,500, ಎಸಿ 18). ಪ್ಲೇಟ್‌ಗೂ ಸ್ಪ್ಲಿಂಟ್‌ಗೂ ಸ್ಟ್ರೆಂತ್ 15 ಬೇಕು, ಇದೆ. ಮೂರರಲ್ಲಿ ಪ್ಯಾಲಡಿನ್‌ನ ಸಬ್‌ಕ್ಲಾಸ್ (ಉಪವಿಭಾಗ) ಓತ್ ಆಫ್ ವೆಂಜನ್ಸ್. ನಾಲ್ಕರಲ್ಲಿ ಸ್ಟ್ರೆಂತ್ 18. ಆರಕ್ಕೆ ಬರುವಾಗ ಎಚ್‌ಪಿ 52, ಲೇ ಆನ್ ಹ್ಯಾಂಡ್ಸ್ 30.

ವೆಂಜನ್ಸ್ ಏಕೆಂದರೆ, ಪ್ಯಾಲಡಿನ್ 5ರಲ್ಲಿ ಅದು ಹೋಲ್ಡ್ ಪರ್ಸನ್ (ಎದುರಾಳಿಯನ್ನು ಕದಲದಂತೆ ಹಿಡಿಯುವುದು) ಮತ್ತು ಮಿಸ್ಟಿ ಸ್ಟೆಪ್ (ಮಾಯವಾಗಿ ಬೇರೆಡೆ ಕಾಣಿಸಿಕೊಳ್ಳುವುದು) ಎಂಬ ಸ್ಪೆಲ್‌ಗಳನ್ನು ಕೊಡುತ್ತದೆ, ಎರಡೂ ಸದಾ ಸಿದ್ಧ. ಸಾರ್ಸರರ್ ಪಟ್ಟಿಯಲ್ಲಿ ಇವನ್ನೇ ಮತ್ತೆ ಬರೆದುಕೊಂಡು ಜಾಗ ಕಳೆಯಬೇಡಿ.

ಹಂತ 7: ಲೆವೆಲ್ 7, 8, 9

7 (ಸಾರ್ಸರರ್ 1). ಸ್ಲಾಟ್ 4/3, ಶುದ್ಧ ಪ್ಯಾಲಡಿನ್ 7ರಷ್ಟೇ. ನಷ್ಟವಿಲ್ಲದೆ ದಾಟುವ ಸೇತುವೆ ಇದು. ಸಾರ್ಸರರ್ ಶಕ್ತಿಯ ಮೂಲ (ಸಬ್‌ಕ್ಲಾಸ್) ಡಿವೈನ್ ಸೋಲ್: ಸೇವ್ ಸೋತಾಗ ಅಥವಾ ದಾಳಿ ತಪ್ಪಿದಾಗ 2ಡಿ4 ಸೇರಿಸಬಹುದು, ಪ್ರತಿ ವಿಶ್ರಾಂತಿಗೆ ಒಂದು ಸಲ. ಜೊತೆಗೆ ಒಂದು ಸ್ಪೆಲ್ ಉಚಿತ. ಲಾ ಎಂಬ ಒಲವು ಆರಿಸಿದರೆ ಬ್ಲೆಸ್ ಸಿಗುತ್ತದೆ. ಪ್ಯಾಲಡಿನ್ ಸಿದ್ಧಪಟ್ಟಿಯಲ್ಲಿ ಒಂದು ಜಾಗ ಖಾಲಿಯಾಗುತ್ತದೆ. ಕೇಯಾಸ್ ಆರಿಸಿದರೆ ಬೇನ್ ಬರುತ್ತದೆ, ಅದು ವೆಂಜನ್ಸ್‌ನಿಂದ ಆಗಲೇ ಇದೆ. ಡಿವೈನ್ ಸೋಲ್ ಒಪ್ಪದ ಮೇಜಿನಲ್ಲಿ ಡ್ರೇಕೋನಿಕ್ ತೆಗೆದುಕೊಳ್ಳಿ. ಪ್ರತಿ ಸಾರ್ಸರರ್ ಲೆವೆಲ್‌ಗೆ ಒಂದು ಎಚ್‌ಪಿ ಹೆಚ್ಚು. ಅದರ 13 + ಡೆಕ್ಸ್‌ಟೆರಿಟಿ ಎಸಿ, ಪ್ಲೇಟ್ ತೊಟ್ಟವನಿಗೆ ಉಪಯೋಗವಿಲ್ಲ.

ಸ್ಪೆಲ್: ಶೀಲ್ಡ್, ಅಬ್ಸಾರ್ಬ್ ಎಲಿಮೆಂಟ್ಸ್. ಕ್ಯಾಂಟ್ರಿಪ್ ನಾಲ್ಕು: ಬೂಮಿಂಗ್ ಬ್ಲೇಡ್ (ಆಯುಧದ ಹೊಡೆತದೊಡನೆ ಹಾಕುವುದು), ಫೈರ್ ಬೋಲ್ಟ್, ಲೈಟ್, ಮೇಜ್ ಹ್ಯಾಂಡ್. ಫೈರ್ ಬೋಲ್ಟ್ ತಮಾಷೆಗಲ್ಲ. ಅದರ ಡ್ಯಾಮೇಜ್ ಎಡಗಡೆಯ ಖಾತೆಯದು, ಸಾರ್ಸರರ್ 1 ಆದರೂ ಏಳನೇ ಲೆವೆಲ್‌ನಲ್ಲಿ 2ಡಿ10, ದೂರ 120 ಅಡಿ. ಡೆಕ್ಸ್‌ಟೆರಿಟಿ 10ರ ಪ್ಯಾಲಡಿನ್‌ಗೆ ಹಾರುವ ಶತ್ರುವಿನ ಎದುರು ಜಾವೆಲಿನ್ ಬಿಟ್ಟರೆ ಗತಿಯಿರಲಿಲ್ಲ.

8 (ಸಾರ್ಸರರ್ 2). ಬರಗಾಲದ ಲೆವೆಲ್. ಸ್ಲಾಟ್ 4/3/2 ಆಗುತ್ತದೆ, ಸಾರ್ಸರಿ ಪಾಯಿಂಟ್ 2 ಬರುತ್ತವೆ, ಆದರೆ ಅವನ್ನು ಖರ್ಚು ಮಾಡಿ ಸ್ಪೆಲ್ ಮಾರ್ಪಡಿಸುವ ಮೆಟಾಮ್ಯಾಜಿಕ್ ಇನ್ನೂ ಇಲ್ಲ. ಶುದ್ಧ ಪ್ಯಾಲಡಿನ್ ಇದೇ ಹೊತ್ತಿಗೆ ಸ್ಟ್ರೆಂತ್ 20 ಮಾಡಿಕೊಂಡಿರುತ್ತಾನೆ. 34,000 ಎಕ್ಸ್‌ಪಿಯಿಂದ 48,000ದವರೆಗೆ ಹೀಗೆಯೇ ನಡೆಯಬೇಕು. ಎರಡು ಪಾಯಿಂಟ್‌ಗೆ ಒಂದು ಮೊದಲ ಮಟ್ಟದ ಸ್ಲಾಟ್ ಸಿಗುತ್ತದೆ, ಸದ್ಯಕ್ಕೆ ಅದನ್ನೇ ಶೀಲ್ಡ್‌ಗೆ ಬಳಸಿ. ಮೂರನೇ ಮಟ್ಟದ ಒಂದು ಸ್ಲಾಟ್‌ನಲ್ಲಿ ಏಯ್ಡ್ ಹಾಕಿದರೆ ಮೂವರಿಗೆ ತಲಾ 10 ಎಚ್‌ಪಿ, ಎಂಟು ಗಂಟೆ. ಈ ಲೆವೆಲ್‌ನಲ್ಲಿ ತಂಡಕ್ಕೆ ನೀವು ಕೊಡಬಹುದಾದ ಅತ್ಯುತ್ತಮ ಕೊಡುಗೆ ಅದು.

9 (ಸಾರ್ಸರರ್ 3). ಜೋಡಣೆ ಕಣ್ಣು ಬಿಡುವುದು ಇಲ್ಲಿ. ಸ್ಲಾಟ್ 4/3/3, ಪಾಯಿಂಟ್ 3, ಪ್ರೊಫಿಷಿಯೆನ್ಸಿ +4, ಎಚ್‌ಪಿ 70 (ಶುದ್ಧ ಪ್ಯಾಲಡಿನ್‌ಗೆ 76). ಮೆಟಾಮ್ಯಾಜಿಕ್ ಎರಡು: ಕ್ವಿಕನ್ಡ್ (ಸ್ಪೆಲ್ ಅನ್ನು ಬೋನಸ್ ಆ್ಯಕ್ಷನ್‌ನಲ್ಲಿ, ಅಂದರೆ ಸರದಿಯ ಚಿಕ್ಕ ಹೆಚ್ಚುವರಿ ಕ್ರಿಯೆಯಲ್ಲಿ, ಹಾಕುವುದು) ಮತ್ತು ಟ್ವಿನ್ಡ್ (ಒಂದೇ ಸ್ಪೆಲ್ ಇಬ್ಬರ ಮೇಲೆ ಹಾಕುವುದು). ಮೆಟಾಮ್ಯಾಜಿಕ್ ಪ್ಯಾಲಡಿನ್ ಸ್ಪೆಲ್‌ಗಳ ಮೇಲೂ ನಡೆಯುತ್ತದೆ. ಹೊಸ ಸ್ಪೆಲ್‌ಗಳು ಫೆದರ್ ಫಾಲ್, ಮಿರರ್ ಇಮೇಜ್. ಎರಡನೆಯದಕ್ಕೆ ಏಕಾಗ್ರತೆ ಬೇಡ, ಹಾಗಾಗಿ ಬ್ಲೆಸ್ ಜೊತೆ ಇರುತ್ತದೆ.

ಹಂತ 8: ಪರೀಕ್ಷೆ

ಎದುರಾಳಿ ಗ್ಲ್ಯಾಡಿಯೇಟರ್: ಎಸಿ 16, ಎಚ್‌ಪಿ 112, ವಿಸ್ಡಮ್ +1. ನಮ್ಮ ದಾಳಿ +8, ಸ್ಪೆಲ್ ಡಿಸಿ 15.

ಎರಡು ಪಾಯಿಂಟ್ ಕೊಟ್ಟು ಬೋನಸ್ ಆ್ಯಕ್ಷನ್‌ನಲ್ಲಿ ಕ್ವಿಕನ್ಡ್ ಹೋಲ್ಡ್ ಪರ್ಸನ್, ಎರಡನೇ ಮಟ್ಟದ ಸ್ಲಾಟ್. ಆತ ಸೋಲುವ ಸಾಧ್ಯತೆ 65%. ಸೋತರೆ ಪಾರ್ಶ್ವವಾಯು: ನಮ್ಮ ದಾಳಿಗೆ ಅಡ್ವಾಂಟೇಜ್ (ದಾಳ ಎರಡು ಸಲ ಎಸೆದು ದೊಡ್ಡದನ್ನು ಹಿಡಿಯುವುದು), 5 ಅಡಿಯೊಳಗಿನ ಪ್ರತಿ ಹೊಡೆತ ಕ್ರಿಟಿಕಲ್. ಎರಡು ದಾಳಿ, ಒಂದೊಂದು ತಗಲುವ ಸಾಧ್ಯತೆ 87.75%. ಒಂದು ಹೊಡೆತಕ್ಕೆ ಕತ್ತಿಯ 4ಡಿ6 + 4, ಸರಾಸರಿ 18. ಮೂರನೇ ಮಟ್ಟದ ಸ್ಮೈಟ್ 4ಡಿ8 ಇಮ್ಮಡಿಯಾಗಿ 8ಡಿ8, ಸರಾಸರಿ 36. ಸೇರಿ 54. ಎರಡೂ ತಗಲಿದರೆ 108. ಸೇವ್ ಸೋತು, ಎರಡೂ ತಗಲುವ ಒಟ್ಟು ಸಾಧ್ಯತೆ ಸರಿಸುಮಾರು ಅರ್ಧ.

ಸೇವ್ ಗೆದ್ದರೆ ಹೋಗುವುದು ಒಂದು ಸ್ಲಾಟ್, ಎರಡು ಪಾಯಿಂಟ್. ದಾಳಿ ಎರಡೂ ಉಳಿದಿವೆ. ಆಗ ಮೂರನೇ ಮಟ್ಟದ ಸ್ಲಾಟ್ ಮುಟ್ಟಬೇಡಿ. ಸ್ಮೈಟ್ ಮಾಡಬೇಕೋ ಬೇಡವೋ ಎಂದು ತೀರ್ಮಾನಿಸುವುದು ಹೊಡೆತ ತಗಲಿದ ಮೇಲೆ, ಕ್ರಿಟಿಕಲ್ ಬಿತ್ತೋ ಇಲ್ಲವೋ ಕಂಡ ಮೇಲೆ. ಈ ಸೌಲಭ್ಯವನ್ನು ಪೂರ್ತಿ ಬಳಸಿಕೊಳ್ಳಿ.

ಹೋಲ್ಡ್ ಪರ್ಸನ್ ಹ್ಯೂಮನಾಯ್ಡ್ (ಮನುಷ್ಯರಂಥ) ವರ್ಗದವರಿಗೆ ಮಾತ್ರ. ದೈತ್ಯನೋ ಡ್ರ್ಯಾಗನ್ನೋ ಎದುರಿದ್ದರೆ ಮೊದಲ ರೌಂಡ್ ಅಡ್ವಾಂಟೇಜ್ ಕೊಡುವ ವೌ ಆಫ್ ಎನ್ಮಿಟಿ (ವೆಂಜನ್ಸ್‌ನ ಶಕ್ತಿ), ಎರಡನೇ ರೌಂಡ್ ಕ್ವಿಕನ್ಡ್ ಬೂಮಿಂಗ್ ಬ್ಲೇಡ್. ಎರಡೂ ಬೋನಸ್ ಆ್ಯಕ್ಷನ್, ಒಂದೇ ಸರದಿಯಲ್ಲಿ ಆಗದು. ಅದೇ ಎಸಿ 16ರ ಎದುರು ಎರಡನೇ ರೌಂಡ್‌ನಲ್ಲಿ ಸ್ಮೈಟ್ ಬಿಟ್ಟು ಸರಾಸರಿ 32.9.

ಬೂಮಿಂಗ್ ಬ್ಲೇಡ್ 2015ರ ಪೂರಕ ಪುಸ್ತಕದಿಂದ ಬಂದದ್ದು, ಡಿಎಂ ಬಳಿ ಕೇಳಿಕೊಳ್ಳಿ. ಅದನ್ನು ಮಾಮೂಲಿ ಆ್ಯಕ್ಷನ್‌ನಲ್ಲಿ ಹಾಕಿದರೆ ಎಕ್ಸ್‌ಟ್ರಾ ಅಟ್ಯಾಕ್ ಸಿಗುವುದಿಲ್ಲ. ಅದು ಸ್ಪೆಲ್ ಹಾಕಿದ್ದು, ಅಟ್ಯಾಕ್ ಆ್ಯಕ್ಷನ್ ಅಲ್ಲ. ಕ್ವಿಕನ್ ಮಾಡಿದಾಗ ಮಾತ್ರ ಮೂರನೇ ಹೊಡೆತ. ಇನ್ನೊಂದು: ಬೋನಸ್ ಆ್ಯಕ್ಷನ್‌ನಲ್ಲಿ ಸ್ಪೆಲ್ ಹಾಕಿದ ಸರದಿಯಲ್ಲಿ ಒಂದು ಆ್ಯಕ್ಷನ್‌ನ ಕ್ಯಾಂಟ್ರಿಪ್ ಬಿಟ್ಟು ಬೇರೆ ಸ್ಪೆಲ್ ಇಲ್ಲ, ಶೀಲ್ಡ್ ರಿಯಾಕ್ಷನ್ ಕೂಡ ಇಲ್ಲ. ಶತ್ರುವಿನ ಸರದಿ ಬಂದಾಗ ಮತ್ತೆ ಹಾಕಬಹುದು. ಇದಕ್ಕಾಗಿಯೇ ಮೊದಲ ಮಟ್ಟದ ಎರಡು ಸ್ಲಾಟ್‌ಗಳನ್ನು ಹಾಳೆಯ ಮೇಲೆ ಸುತ್ತು ಹಾಕಿ, ಶೀಲ್ಡ್‌ಗೆಂದೇ ಕಾಯ್ದಿಡಬೇಕು.

ಹಂತ 9: ಲೆವೆಲ್ 10, 11, 12

ಹತ್ತರಲ್ಲಿ ಸಾರ್ಸರರ್ 4, ಕರಿಸ್ಮಾ 18. ಆರಾ +4, ಡಿಸಿ 16. ಲಾಭ ಇಡೀ ತಂಡಕ್ಕೆ. ಸ್ಲಾಟ್ 4/3/3/1.

ಹನ್ನೊಂದರಲ್ಲಿ ಸ್ಲಾಟ್ 4/3/3/2, ಮೂರನೇ ಮಟ್ಟದ ಸ್ಪೆಲ್ ಶುರು. ಎದುರಾಳಿಯ ಸ್ಪೆಲ್ ತಡೆಯುವ ಕೌಂಟರ್‌ಸ್ಪೆಲ್ ಮೊದಲು ತೆಗೆದುಕೊಳ್ಳಿ. ಟ್ವಿನ್ಡ್ ಹೇಸ್ಟ್ ಮೂರು ಪಾಯಿಂಟ್‌ಗೆ ಇಬ್ಬರು ಗೆಳೆಯರ ವೇಗ ಹೆಚ್ಚಿಸುತ್ತದೆ, ಆದರೆ ನಿಮ್ಮ ಏಕಾಗ್ರತೆ ಮುರಿದರೆ ಇಬ್ಬರೂ ಒಂದು ಸರದಿ ಕಳೆದುಕೊಳ್ಳುತ್ತಾರೆ. ಮುಂದೆ ನಿಂತು ಏಟು ತಿನ್ನುವವನು ಅದನ್ನು ಹಾಕುವುದು ನನಗೆ ಒಪ್ಪಿಗೆಯಿಲ್ಲ. ಇದೇ ಲೆವೆಲ್‌ನಲ್ಲಿ ಶುದ್ಧ ಪ್ಯಾಲಡಿನ್‌ಗೆ ಪ್ರತಿ ಹೊಡೆತಕ್ಕೂ ಸ್ಲಾಟ್ ಇಲ್ಲದೆ 1ಡಿ8 ಹೆಚ್ಚು ಸಿಗುತ್ತದೆ. ದಿನಕ್ಕೆ ಆರೇಳು ಕಾಳಗ ನಡೆಸುವ ಡಿಎಂ ಕೈಯಲ್ಲಿ ಆಡುವವರು ಪ್ಯಾಲಡಿನ್ ಆಗಿಯೇ ಮುಂದುವರಿಯುವುದು ಒಳ್ಳೆಯದು; ದಿನಕ್ಕೆ ಎರಡು ಮೂರು ದೊಡ್ಡ ಕಾಳಗವಾದರೆ ಈ ಮಿಶ್ರಣ ಮೇಲು.

ಹನ್ನೆರಡರಲ್ಲಿ 4/3/3/3/1. ಐದನೇ ಮಟ್ಟದ ಸ್ಲಾಟ್ ಸ್ಮೈಟ್‌ಗೆ ಹಾಕಬೇಡಿ, 5ಡಿ8ರ ಮಿತಿ ನಾಲ್ಕನೇ ಮಟ್ಟಕ್ಕೇ ಮುಗಿದಿರುತ್ತದೆ.

ಹಂತ 10: 2024ರ ನಿಯಮದಲ್ಲಿ ಆಡುವವರಿಗೆ

ಈ ಹಾಳೆಯನ್ನು ಹಾಗೇ ಎತ್ತಿಕೊಳ್ಳಬೇಡಿ. ಅಲ್ಲಿ ಡಿವೈನ್ ಸ್ಮೈಟ್ ಒಂದು ಸ್ಪೆಲ್, ಅದೂ ಬೋನಸ್ ಆ್ಯಕ್ಷನ್. ಒಂದು ಸರದಿಗೆ ಒಂದೇ ಸ್ಮೈಟ್, ಮತ್ತು ಕ್ವಿಕನ್ಡ್ ಹೋಲ್ಡ್ ಪರ್ಸನ್ ಹಾಕಿದ ಸರದಿಯಲ್ಲಿ ಅದೂ ಇಲ್ಲ. ಎಂಟನೇ ಹಂತದ 108 ಅಲ್ಲಿ ಬರುವುದಿಲ್ಲ. ಬದಲಿಗೆ ಪ್ಯಾಲಡಿನ್‌ನ ಅರ್ಧವನ್ನು ಮೇಲಿನ ಸಂಖ್ಯೆಗೆ ಏರಿಸುತ್ತಾರೆ, ಮೆಟಾಮ್ಯಾಜಿಕ್ ಸಾರ್ಸರರ್ 2ರಲ್ಲೇ ಸಿಗುತ್ತದೆ, ಹಾಗಾಗಿ ಎಂಟನೇ ಲೆವೆಲ್‌ನ ಬರ ನೀಗುತ್ತದೆ. ಸಬ್‌ಕ್ಲಾಸ್ ಮಾತ್ರ ಸಾರ್ಸರರ್ 3ರವರೆಗೆ ಕಾಯಬೇಕು. ಡಿವೈನ್ ಸೋಲ್‌ನಂಥ ಹಳೆಯ ಸಬ್‌ಕ್ಲಾಸ್ ತರುವುದಿದ್ದರೆ ಅದರ ಮೊದಲ ಲೆವೆಲ್‌ನ ಕೊಡುಗೆಗಳು ಒಂಬತ್ತಕ್ಕೆ ಮುಂದೆ ಹೋಗುತ್ತವೆ ಎಂದು ಹಾಳೆಯಲ್ಲಿ ತಿದ್ದಿಕೊಳ್ಳಿ.